ಮಾಮಾನನ್ನು ಓದಿಸಿದವರು

ಗೆಳೆಯರೇ, ಇವತ್ತು ಸಂಜೆ ಮೆಟ್ರೋದಲ್ಲಿ ನಡೆದದ್ದು ಕೇಳಿ. ನಿವೃತ್ತ ಸರ್ಕಾರಿ ಎಂಜಿನಿಯರ್ ಆದ ನಮ್ಮ ಮಾಮಾ ನನಗೆ ಹೇಳುತ್ತಿದ್ದರು: “ಮಂದಿ ಮಕ್ಕಳ ಯೂನಿವರ್ಸಿಟಿ ಫೀಸಿಗೆ ನನ್ನ ಟ್ಯಾಕ್ಸ್ ಯಾಕ ಹೋಗಬೇಕು? ಓದೋರೇ ಕಟ್ಟಲಿ.”

ಪಕ್ಕದಲ್ಲಿ ಕಟ್ಟಡದ ಕೆಲಸ ಮುಗಿಸಿ ಬಂದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಈ ತೆಲುಗು ಊರಿನಲ್ಲಿ ಅವಳಿಗೂ ಕನ್ನಡ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ.

“ಸಾಹೇಬ್ರ, ನಿಮ್ಮನ್ನ ಓದಿಸಿದವರು ಯಾರ್ರಿ?” ಎಂದಳು.

“ಸರ್ಕಾರಿ ಕಾಲೇಜವ್ವಾ. ಫೀಸೇ ಇರಲಿಲ್ಲ,” ಎಂದರು ಮಾಮಾ, ಹೆಮ್ಮೆಯಿಂದ.

“ಹಂಗಾದ್ರ ನಮ್ಮಪ್ಪನೂ ಓದಿಸ್ಯಾನ್ರಿ. ದಿನಾ ಎರಡು ಕಟ್ಟು ಬೀಡಿ ಸೇದತಿದ್ದ, ಅದರ ಟ್ಯಾಕ್ಸ್ ನಿಮ್ಮ ಕಾಲೇಜಿಗೇ ಹೋಗಿರಬೇಕು. ಈಗ ನನ್ನ ಮಗಳು ಡಿಗ್ರಿ ಓದಾಕತ್ತಾಳ. ನಿಮ್ಮ ಪಾಳಿ ಬಂತು ನೋಡ್ರಿ.”

ಮಾಮಾ ಮುಂದಿನ ಸ್ಟೇಷನ್ ಕೂಕಟ್‌ಪಲ್ಲಿಯಲ್ಲೇ ಇಳಿದುಬಿಟ್ಟರು. ನಮ್ಮ ಮನೆ ಇರುವುದು ಕೊನೆಯ ಸ್ಟೇಷನ್ ಮಿಯಾಪುರದಲ್ಲಿ.