ನೇಪಲ್ಸಿನ ತೀರ್ಥ

ಎರಡನೇ ಮಹಾಯುದ್ಧದ ಕಾಲದಲ್ಲಿ ದಂಡಿಗೆ ಸೇರಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ನಾನು, ಒಂದು ಜನವರಿಯಲ್ಲಿ ಇಟಲಿಯ ನೇಪಲ್ಸಿನಲ್ಲಿದ್ದೆ. ನಮ್ಮೂರು ಮಿರ್ಲೆಯಲ್ಲಿ ಸಂಕ್ರಾಂತಿಗೆ ಎತ್ತುಗಳ ಮೈತೊಳೆದು ಕಿಚ್ಚು ಹಾಯಿಸುವ ವಾರವದು. ಬೀದಿಗಿಳಿದರೆ ಅಲ್ಲೂ ಮೂಕಪ್ರಾಣಿಗಳ ಹಬ್ಬ! ಕುದುರೆಗಳ ಕೊರಳಿಗೆ ಬಣ್ಣದ ಪಟ್ಟಿ, ಕತ್ತೆಗಳ ಕಿವಿಗೆ ಕುಚ್ಚು. ಒಬ್ಬಳಂತೂ ಕೋಳಿಯನ್ನೇ ಕಂಕುಳಲ್ಲಿ ಅವುಚಿಕೊಂಡು ಬಂದಿದ್ದಳು. ಸಮುದ್ರ ದಾಟಿದ ಮೇಲೆ ಪ್ರಾಣಿಗೆ ಹಬ್ಬ ಮಾಡುವವರು ಯಾರೂ ಇರಲಾರರು ಎಂದುಕೊಂಡಿದ್ದ ನನ್ನ ಜಂಬ ಅಲ್ಲೇ ಇಳಿಯಿತು.

ನಾನೂ ನನ್ನ ಹೇಸರಗತ್ತೆಯನ್ನು ಹಿಡಿದುಕೊಂಡು, ಪ್ರಾಣಿಗಳಿಗೆ ಆಶೀರ್ವಾದ ಮಾಡಿಸಲು ಚರ್ಚಿನ ಬಾಗಿಲಲ್ಲಿ ನೆರೆದಿದ್ದವರ ಸಾಲಿನಲ್ಲಿ ನಿಂತೆ. ಬೂಟು ಬಿಚ್ಚಿಟ್ಟೆ. ಪಾದ್ರಿಗಳು ಅದರ ಹಣೆಗೆ ಮಂತ್ರದ ನೀರು ಚಿಮುಕಿಸಿದ್ದೇ ತಡ, ನನ್ನ ಬಲಗೈ ತಾನಾಗಿಯೇ ಬಟ್ಟಲಾಗಿ ಮುಂದೆ ಹೋಯಿತು.

"ಲೇ, ಅದು ದನಕರುಗೆ ಆಕೋ ನೀರು ಕಣ್ಲಾ, ಕೈ ತಗಿ!" ಎಂದ ಜೊತೆಗಿದ್ದ ನಮ್ಮ ದಂಡಿನ ಹಂಪಾಪುರದವನು.

ಮುಂದೆ ಚಾಚಿದ ನನ್ನ ಕೈ ಕಂಡು ಸುತ್ತಲಿನ ಜನ ನಕ್ಕರು. ಪಾದ್ರಿಗಳು ನಗಲಿಲ್ಲ. ನನ್ನ ಬರಿಗಾಲನ್ನೊಮ್ಮೆ ನೋಡಿ, ಪಾತ್ರೆ ಬಗ್ಗಿಸಿ ಅಂಗೈಗೆ ನೀರು ಬಿಟ್ಟರು. ಕುಡಿದೆ, ಕೊಂಚ ಉಪ್ಪುಪ್ಪಾಗಿತ್ತು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡೆ. ನಗು ನಿಂತಿತ್ತು. ತಿರುಗಿ ನೋಡಿದರೆ, ಹಿಂದೆ ಮೇಕೆ ಹಿಡಿದಿದ್ದ ಮುದುಕಿ ಚಪ್ಪಲಿ ಕಳಚಿ ಅಂಗೈ ಚಾಚಿ ನಿಂತಿದ್ದಳು.