ಶಾಲೆಯ ಹೆಂಚಿಗಾಗಿ ಕೂಗಿದ ಹರಾಜು

ಊರಿನ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಕಾನ್ವೆಂಟಿನ ಹಳದಿ ವ್ಯಾನು ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಯ ದಾರಿಯನ್ನು ಇನ್ನೂ ಕಂಡಿರಲಿಲ್ಲ. ಹೊಗೆಸೊಪ್ಪಿನ ಘಾಟು ನಮ್ಮ ಪುಸ್ತಕದ ಹಾಳೆಗಳಿಗೂ ಅಂಟಿರುತ್ತಿತ್ತು. ಆಟವೂ ಸೊಪ್ಪಿನದೇ. ಬೇಲಿಯ ಎಲೆ ಕಂತೆ ಕಟ್ಟಿ ಹರಾಜು ಕೂಗುತ್ತಿದ್ದೆವು. ಅಪ್ಪನ ಜೊತೆ ನಿಜವಾದ ಹರಾಜು ನೋಡಿ ಬಂದಿದ್ದ ನಾನು ಯಾವಾಗಲೂ ಸೊಪ್ಪು ಕೊಳ್ಳುವ ಕಂಪನಿಯವಳು, ಗೆಳತಿ ಪುಟ್ಟಲಕ್ಷ್ಮಿ ಸೊಪ್ಪು ತಂದ ರೈತ. ರೇಟು ಒಪ್ಪದ ರೈತ ಸೊಪ್ಪನ್ನು ವಾಪಸು ಒಯ್ಯಬಹುದು ಎಂದೂ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಗಾಳಿಗೆ ಶಾಲೆಯ ಹೆಂಚು ಹಾರಿದವು. ಪೋಷಕರ ಸಂಘ ಸೇರಿತು. ದುಡ್ಡು ಕೇಳಿದರೆ ಯಾರೂ ಬಿಚ್ಚುವುದಿಲ್ಲ, ವಸ್ತು ಕೇಳಿದರೆ ಕೊಡುತ್ತಾರೆ. ಇದು ಈಗಲೂ ನಿಜ, ಬರೆದಿಟ್ಟುಕೊಳ್ಳಿ. ಸಂಘದ ಅಧ್ಯಕ್ಷರಾಗಿದ್ದ ನಮ್ಮ ದೊಡ್ಡಪ್ಪ, “ಮನೆಗೊಂದು ಏನಾರ ತನ್ನಿ, ಭಾನ್ವಾರ ಹರಾಜಾಕವ” ಅಂದರು.

ಆ ಭಾನುವಾರ ಶಾಲೆಯ ಮುಂದೆ ಸೊಗಡಿನ ಅವರೆಕಾಯಿ, ಬಾಳೆಗೊನೆ, ಬೂದುಗುಂಬಳ ಎಲ್ಲ ಸಾಲಾಗಿ ಕೂತವು. ದೊಡ್ಡಪ್ಪ ನನ್ನ ಕಿವಿಯಲ್ಲಿ, “ಕೂಸೇ, ರೇಟು ನಿಂತೋದ್ರೆ ನೀನೊಂದು ಕೂಗು ಆಕು. ಚಿಕ್ಕ ಕೂಸು ಕೂಗ್ತು ಅಂದ್ರೆ ಗಂಡಸ್ರಿಗೆ ರೋಸ ಬತ್ತದೆ” ಅಂದರು.

ಬಂತು. ಮೂರು ರೂಪಾಯಿ ಬಾಳದ ಕುಂಬಳ ಹತ್ತು ದಾಟಿತು. “ಯಾರ್ಲಾ ಇವ್ಳು, ಕಂಪ್ನಿ ಏಜೆಂಟು!” ಎಂದು ಜನ ನಕ್ಕರು. ನನಗೆ ನೆಲದ ಮೇಲೆ ಕಾಲೇ ಇರಲಿಲ್ಲ.

ಪುಟ್ಟಲಕ್ಷ್ಮಿಗೆ ಇದ್ದದ್ದು ಅಜ್ಜಿ ಒಬ್ಬರೇ. ಕಂಡವರ ಸೊಪ್ಪು ಕಟ್ಟುವ ಕೂಲಿ. ಕೊಡಲು ಬೇರೇನೂ ಇಲ್ಲದೆ ಅಜ್ಜಿ, ಪುಟ್ಟಲಕ್ಷ್ಮಿ ಮರಿಯಿಂದ ಸಾಕಿದ ಕೆಂಚು ಕೋಳಿ ತಂದಿದ್ದರು. ನಮ್ಮ ಕಡೆ ಒಂದು ಪದ್ಧತಿಯಿತ್ತು: ಕೊಟ್ಟವರೇ ತಮ್ಮ ವಸ್ತುವಿಗೆ ಕೂಗಿದರೆ ಮಿಕ್ಕವರು ಸುಮ್ಮನಿರಬೇಕು. ಶಾಲೆಗೆ ದುಡ್ಡು, ವಸ್ತು ವಾಪಸು ಮನೆಗೆ. ಬೆಳಗ್ಗೆಯೇ ಪುಟ್ಟಲಕ್ಷ್ಮಿ ಹೇಳಿದ್ದಳು: “ಅಜ್ಜಿ ಸೆರಗಲ್ಲಿ ಇಪ್ಪತ್ತೈದು ಕಟ್ಕಂಡದೆ. ಕೋಳಿ ನಮ್ಮನೆಗೇ ಕಣಮ್ಮಿ.”

ಅಜ್ಜಿ “ಇಪ್ಪತ್ತೈದು” ಅಂದರು. ಎಲ್ಲರೂ ಸುಮ್ಮನಾದರು.

“ಮೂವತ್ತು!” ಅಂದೆ ನಾನು.

ಯಾರೇ ಆದರೂ ಇನ್ನೈದು ರೂಪಾಯಿ ಬಚ್ಚಿಟ್ಟುಕೊಂಡೇ ಇರುತ್ತಾರೆ ಎಂಬುದು ನನ್ನ ಲೆಕ್ಕ. ಅಜ್ಜಿಯ ಹತ್ತಿರ ಇರಲಿಲ್ಲ. ಬಾಳೆಗೊನೆಗೆಂದು ಬಂದಿದ್ದ ಬಿಳಿಕೆರೆ ಕಡೆಯ ವ್ಯಾಪಾರಿಗೆ ನಮ್ಮ ಪದ್ಧತಿ ಏನು ಗೊತ್ತು? ನಾನು ಕೂಗಿದ್ದು ಕೇಳಿ “ನಲವತ್ತು” ಅಂದ. ದೊಡ್ಡಪ್ಪ ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು, ಮೂರು ಸಲ ಕೂಗಿದರು. ಮುಗಿಯಿತು. ಕಾಲು ಕಟ್ಟಿದ ಕೋಳಿ ಅವನ ಲೂನಾದ ಹ್ಯಾಂಡಲಿನಲ್ಲಿ ತಲೆಕೆಳಗಾಗಿ ತೂಗಾಡಿತು.

ಪುಟ್ಟಲಕ್ಷ್ಮಿ ನನ್ನ ಲಂಗ ಹಿಡಿದು ಎಳೆದಳು. “ರೇಟು ಬ್ಯಾಡ ಅಂದ್ರೆ ನಿಮ್ಮಪ್ಪ ಸೊಪ್ಪು ವಾಪಸ್ ತತ್ತದೆ ಅಂದಿದ್ದೆ ಅಲ್ವಾ? ನಾನೂ ಬ್ಯಾಡ ಅಂತೀನಿ. ಕೊಡ್ಸು.”

“ಇದು ಸ್ಕೂಲ್ ಹರಾಜು ಕಣಮ್ಮಿ. ಇಲ್ಲಿ ಅಂಗೆಲ್ಲ ಇಲ್ಲ.”

“ಬುಡು ಮಗ, ಸ್ಕೂಲ್ಗೆ ತಾನೇ” ಎಂದು ಅಜ್ಜಿ ಸೆರಗಿನ ಗಂಟು ಬಿಚ್ಚದೆಯೇ ಎದ್ದರು. ಪುಟ್ಟಲಕ್ಷ್ಮಿ ಲೂನಾದ ಹಿಂದೆ ಕೆರೆ ಏರಿಯ ತನಕ ಓಡಿದಳು.

ಮಳೆಗೆ ಮುಂಚೆ ಹೆಂಚು ಬಂತು. ಅವಳು ಹೊಸ ಹೆಂಚಿನ ಕೆಳಗೆ ಬೇರೆ ಸಾಲಿನಲ್ಲಿ ಕೂತಳು. ಮುಂದಿನ ವರ್ಷ ಅಜ್ಜಿಯ ಜೊತೆ ಸೊಪ್ಪು ಕಟ್ಟಲು ಹೋದವಳು ಶಾಲೆಗೆ ಮರಳಲಿಲ್ಲ.

ಈಗ ಹುಣಸೂರಿನಲ್ಲಿ ನನ್ನದೇ ಶುಂಠಿ ಅಂಗಡಿ. ಹಳ್ಳಿ ಶಾಲೆಯ ಪೋಷಕರು ಉಪಾಯ ಕೇಳಲು ಬರುತ್ತಾರೆ. ಒಕ್ಕಣೆಯಾದ ಕೂಡಲೇ ಕಣಕ್ಕೇ ಹೋಗಿ ಮೊರ ರಾಗಿ ಕೇಳಿ ಅನ್ನುತ್ತೇನೆ. ಹಳೇ ಪೇಪರು ಕೂಡಿಸಿ, ಹರಾಜನ್ನೂ ಹಾಕಿ. ಮಗು ಸಾಕಿದ್ದನ್ನು ಮಾತ್ರ ಮುಟ್ಟಬೇಡಿ, ಕೊಟ್ಟವರು ಕೂಗಿದಾಗ ಬಾಯಿ ಮುಚ್ಚಿಕೊಂಡಿರಿ ಅನ್ನುತ್ತೇನೆ. ನಗುತ್ತಾರೆ. ಹಾಗೆ ಸುಮ್ಮನಿರುವ ಪದ್ಧತಿ ಈಗ ಯಾರಿಗೂ ನೆನಪಿಲ್ಲ. ನಮ್ಮೂರಲ್ಲಿ ಅದನ್ನು ಮೊದಲು ಮುರಿದವಳು ನಾನೇ.

ಹೋದ ವರ್ಷ ಪುಟ್ಟಲಕ್ಷ್ಮಿ ಅಂಗಡಿಗೆ ಬಂದಳು. ಗುರುತು ಸಿಕ್ಕಿತು, ಇಬ್ಬರಿಗೂ. “ಅರ್ಧ ಕೆಜಿ ಶುಂಠಿ ಕೊಡಿ” ಅಂದಳು. ರೂಢಿಯಂತೆ ಬಾಯಿಗೆ ಬಂದ ಜಾಸ್ತಿ ರೇಟನ್ನೇ ಹೇಳಿಬಿಟ್ಟೆ. ಎಷ್ಟಕ್ಕೆ ಕೇಳಿದ್ದರೂ ಕೊಡುತ್ತಿದ್ದೆ. ಅವಳು ಕೇಳಲಿಲ್ಲ. ಹೇಳಿದಷ್ಟನ್ನು ತಕ್ಕಡಿಯ ಪಕ್ಕ ಇಟ್ಟು ಹೊರಟುಹೋದಳು.