ಗಾಣದೆತ್ತು ನೋಡಿದ ಬಲ್ಬು

ಕಳ್ಳಂಬೆಳ್ಳದ ನಮ್ಮ ಬೀದಿಯ ಕೊನೆಯಲ್ಲಿ ಗಾಣ ಆಡಿಸುವ ಯಜಮಾನರೊಬ್ಬರಿದ್ದರು. ಎಣ್ಣೆ ತೆಗೆದ ಮೇಲೆ ಮೊದಲ ಹಿಡಿ ಹಿಂಡಿಯನ್ನು ಎತ್ತಿಗೆ ತಿನ್ನಿಸಿ, ಎರಡನೆಯದನ್ನು ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವು ಹುಡುಗರು ನಕ್ಕರೆ, “ನ್ಯಾಯ ಬ್ಯಾಡ್ವೇನ್ಲಾ?” ಎನ್ನುವರು.

ಐವತ್ತರ ದಶಕ, ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ಅವರು ಶಿರಾದ ಸೈಕಲ್ ಶಾಪಿನ ಸಾಬರಿಂದ ತಿರುಗಿದಷ್ಟು ಹೊತ್ತು ಕರೆಂಟು ಕೊಡುವ ಹಳೆಯ ಡೈನಮೊವನ್ನೂ ಒಂದು ಬಲ್ಬನ್ನೂ ತಂದು ಖಾಲಿ ಗಾಣಕ್ಕೆ ಜೋಡಿಸಿದರು. ಸಂಜೆ ಬೀದಿಯವರೆಲ್ಲ ಸೇರಿದೆವು. ಎತ್ತು ಸುತ್ತತೊಡಗಿತು, ಸೀಮೆಎಣ್ಣೆಯಿಲ್ಲದೆ ಬಲ್ಬು ಹತ್ತಿತು.

ತಲೆಸುತ್ತು ಬಾರದಿರಲೆಂದು ಗಾಣದೆತ್ತಿನ ಕಣ್ಣಿಗೆ ಬಟ್ಟೆ ಕಟ್ಟುವುದು ವಾಡಿಕೆ. ಬಲ್ಬಿನ ಬೆಳಕಿನಲ್ಲಿ ಯಜಮಾನರಿಗೆ ಆ ಬಟ್ಟೆ ಕಂಡಿತು. “ದೀಪ ಹಚ್ಚಿದೋನೇ ದೀಪ ನೋಡ್ಬಾರ್ದಾ? ನ್ಯಾಯ ಬ್ಯಾಡ್ವಾ?” ಎಂದು ಬಿಚ್ಚಿಬಿಟ್ಟರು. ಎತ್ತು ಬಲ್ಬನ್ನೇ ನೋಡುತ್ತ ನಿಂತಿತು. ಬಲ್ಬು ಆರಿತು. ಕತ್ತಲಾದೊಡನೆ ಎತ್ತು ನಡೆಯಿತು, ಬಲ್ಬು ಹತ್ತಿತು, ಎತ್ತು ಮತ್ತೆ ನಿಂತಿತು.

“ಕಣ್ಣು ಕಟ್ಬುಡಿ ಯಜಮಾನ್ರೇ!” ಎಂದು ಎಲ್ಲರೂ ಕೂಗಿದೆವು. ಅವರು ಎತ್ತನ್ನು ಬಿಚ್ಚಿ, ನೊಗಕ್ಕೆ ತಾವೇ ಹೆಗಲು ಕೊಟ್ಟರು. ಎರಡನೇ ಸುತ್ತಿಗೆ ಅವರೂ ಬಲ್ಬು ನೋಡುತ್ತ ನಿಂತುಬಿಟ್ಟರು.

ಕೊನೆಗೆ ಆ ಬಟ್ಟೆಯನ್ನು ತಮ್ಮ ಕಣ್ಣಿಗೇ ಬಿಗಿದುಕೊಂಡರು. ಆಮೇಲೆ ಬಲ್ಬು ಒಮ್ಮೆಯೂ ಆರಲಿಲ್ಲ. ನಾವೂ ಎತ್ತೂ ಕಣ್ತುಂಬ ನೋಡಿದೆವು. ಸುತ್ತುತ್ತಲೇ ಅವರು ಕೇಳುತ್ತಿದ್ದರು: “ಲೇ, ಉರೀತೈತೇನ್ಲಾ?”